ಬೆರಳಿಗೆ ಚುಚ್ಚದ ಗುಳ್ಳ: ತೋಟಗಾರಿಕೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಬದನೆಕಾಯಿ ವಿಷಯಕ್ಕೆ ಮಂತ್ರಿಗಳಿಗೆ ಕಾಗದ ಬರೆಯುವುದಾ ಎಂದು ಮನೆಯಲ್ಲಿ ಎಲ್ಲರೂ ನಕ್ಕರು. ನಗಲಿ. ನನಗೆ ಕೋಪ ಬಂದದ್ದು ಬದನೆಕಾಯಿ ಮೇಲಲ್ಲ, ಅದರ ಹೆಸರಿನಲ್ಲಿ ನಡೆಯುತ್ತಿರುವ ಆಟದ ಮೇಲೆ. ಕೋಪ ಇಳಿದ ಮೇಲೆ ಉಳಿದದ್ದು ಒಂದು ಚಿಂತೆ. ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಗುಳ್ಳ, ಅಂದರೆ ನಮ್ಮ ಉಡುಪಿ ಕಡೆಯ ಗುಂಡು ಬದನೆ, ತಿನ್ನುವ ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕಳೆದ ಆಗಸ್ಟ್ ತಿಂಗಳು. ಬೆಂಗಳೂರಿನ ಒಂದು ತರಕಾರಿ ಅಂಗಡಿಯಲ್ಲಿ ರಟ್ಟಿನ ಮೇಲೆ 'ಉಡುಪಿ ಮಟ್ಟುಗುಳ್ಳ' ಎಂದು ಬರೆದು ರಾಶಿ ಹಾಕಿದ್ದರು. ಹಸಿರು ಬಣ್ಣ, ಗುಂಡಗಿನ ಕಾಯಿ. ಪಕ್ಕದಲ್ಲಿದ್ದ ನೇರಳೆ ಬದನೆಗಿಂತ ಎರಡು ಪಟ್ಟು ದರ. ನಾನು ಒಂದು ಕಾಯಿ ಎತ್ತಿಕೊಂಡು ತೊಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಏನೂ ಚುಚ್ಚಲಿಲ್ಲ. ಇನ್ನೊಂದು ಎತ್ತಿಕೊಂಡೆ. ಅದೂ ನುಣುಪು.

"ಇದು ಮಟ್ಟುವಿನದ್ದಾ?" ಎಂದು ಕೇಳಿದೆ.

"ಮಟ್ಟುಗುಳ್ಳಾನೇ ಮೇಡಂ. ಬೆಳಗ್ಗೆ ಬಸ್ಸಲ್ಲಿ ಉಡುಪಿಯಿಂದ ಬಂದಿದ್ದು."

ಆಗಸ್ಟ್‌ನಲ್ಲಿ ಮಟ್ಟುವಿನ ಗದ್ದೆಗಳಲ್ಲಿ ಮೊಣಕಾಲುದ್ದ ಭತ್ತ ಇರುತ್ತದೆ, ಅದರ ಬುಡದಲ್ಲಿ ಮಳೆ ನೀರು ಇರುತ್ತದೆ. ಗುಳ್ಳ ಎಲ್ಲಿಂದ ಬರಬೇಕು? ಆದರೂ ಬಾಯಿ ಚಪಲ ನೋಡಿ, ಅರ್ಧ ಕಿಲೋ ಕೊಂಡು ತಂದೆ. ಹುಳಿ ಮಾಡಿದೆ. ಹೋಳು ರಬ್ಬರಿನ ಹಾಗೆ ಉಳಿಯಿತು, ಬೀಜ ಹಲ್ಲಿಗೆ ಸಿಕ್ಕಿತು, ಕೊನೆಯಲ್ಲಿ ನಾಲಗೆಯ ಬುಡದಲ್ಲಿ ಸಣ್ಣ ಕಹಿ. ಮಗಳು ತಟ್ಟೆಯ ಅಂಚಿಗೆ ತಳ್ಳಿ, "ಇದಕ್ಕಾ ಅಮ್ಮ ನೀನು ಇಷ್ಟು ಹಾರಾಡೋದು?" ಎಂದಳು. ಈ ಪತ್ರ ಶುರುವಾದದ್ದು ಆ ಮಾತಿನಿಂದ. ಅವಳ ತಲೆಯಲ್ಲಿ ಈಗ ಮಟ್ಟುಗುಳ್ಳ ಅಂದರೆ ಅದೇ. ಅಂಗಡಿಯವನು ನನ್ನ ಹತ್ತಿರ ಜಾಸ್ತಿ ತೆಗೆದುಕೊಂಡ ದುಡ್ಡು ಹೋಗಲಿ. ಒಂದು ರುಚಿಯ ಗುರುತನ್ನೇ ಅವಳಿಂದ ಕಿತ್ತುಕೊಂಡ ಅಲ್ವಾ.

ನನ್ನ ಹುಟ್ಟೂರು ಕಟಪಾಡಿ ಕಡೆ. ಮಟ್ಟು ಅಲ್ಲಿಂದ ಕೂಗಳತೆ ದೂರ. ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಪಿನಾಕಿನಿ ಹೊಳೆ, ನಡುವೆ ಹೊಯಿಗೆ ಬೆರೆತ ಮಣ್ಣಿನ ಒಂದು ಪಟ್ಟಿ. ಅಲ್ಲಿ ಮಳೆಗಾಲದ ಏಣೆಲು ಭತ್ತದ ಬೆಳೆ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಾಲು ಮಾಡಿ ಗುಳ್ಳದ ಸಸಿ ನೆಡುತ್ತಾರೆ. ಹಟ್ಟಿ ಗೊಬ್ಬರ, ಸುಡುಮಣ್ಣು, ಹಿಂಡಿ. ಡಿಸೆಂಬರ್ ಹೊತ್ತಿಗೆ ಕಾಯಿ ಶುರುವಾದರೆ ಬೇಸಿಗೆ ಮುಗಿಯುವವರೆಗೂ ಕೊಯ್ಲು. ಮಟ್ಟು, ಕೈಪುಂಜಾಲು, ಪಾಂಗಾಳ, ಅದರ ಆಸುಪಾಸು. ಅಷ್ಟೇ ಅದರ ರಾಜ್ಯ. ಇದೇ ಬೀಜವನ್ನು ಘಟ್ಟದ ಮೇಲೆ ಹಾಕಿ ನೋಡಿದವರಿದ್ದಾರೆ. ಗಿಡ ಬರುತ್ತದೆ, ಕಾಯಿಯೂ ಬಿಡುತ್ತದೆ. "ಆದರೆ ಬೇರೆಯೇ" ಎನ್ನುತ್ತಾರೆ. ನಾನೇ ಬೆಂಗಳೂರಿನ ತಾರಸಿಯ ಮೇಲೆ ಬಕೆಟ್‌ನಲ್ಲಿ ಹಾಕಿದ್ದೆ. ಬೇರೆಯೇ.

ಗಿಡ ನೀವು ನೋಡಿರಬಹುದು. ನೋಡಿಲ್ಲದ ಓದುಗರಿಗಾಗಿ ಹೇಳುತ್ತೇನೆ. ಸೊಂಟದೆತ್ತರದ ಪೊದೆ. ಕಾಂಡಕ್ಕೆ ಮುಳ್ಳು, ಎಲೆಯ ನಡುನರಕ್ಕೆ ಮುಳ್ಳು, ಕಾಯಿಯ ತಲೆ ಮೇಲೆ ಟೋಪಿಯ ಹಾಗೆ ಕೂತ ತೊಟ್ಟಿಗೂ ಮುಳ್ಳು. ಗುಲಾಬಿ ಮುಳ್ಳಿನ ಹಾಗೆ ಕೊಕ್ಕೆ ಅಲ್ಲ. ನೆಟ್ಟಗೆ, ಸೂಜಿಯ ಹಾಗೆ. ಚುಚ್ಚಿದರೆ ತುದಿ ಒಳಗೇ ಮುರಿದು ಕೂರುತ್ತದೆ. ರಾತ್ರಿ ದೀಪದ ಕೆಳಗೆ ಕೂತು ಪಿನ್ನಿನಲ್ಲಿ ತೆಗೆಯಬೇಕು. ನಮ್ಮ ಮಾವನ ಹೆಬ್ಬೆರಳು ಡಿಸೆಂಬರಿಂದ ಮೇವರೆಗೆ ಒಂದು ದಿನವೂ ಸರಿ ಇರುವುದಿಲ್ಲ. ಚಿಕ್ಕವಳಿದ್ದಾಗ ನಾನು ಕೈ ಹಾಕಲು ಹೋದರೆ ಅವರು ತುಳುವಿನಲ್ಲಿ, "ಮುಳ್ಳು ಉಂಡು ಮಗಾ" ಎಂದು ನನ್ನ ಕೈ ಹಿಂದಕ್ಕೆ ಎಳೆಯುತ್ತಿದ್ದರು. ಮುಳ್ಳಿದೆ ಎಂದಷ್ಟೇ ಹೇಳುತ್ತಿದ್ದರು, ಮುಟ್ಟಬೇಡ ಎಂದು ಯಾವತ್ತೂ ಹೇಳಲಿಲ್ಲ. ಹಿಡಿಯುವ ರೀತಿ ಅವರೇ ಕಲಿಸಿದರು. ಎಡಗೈಯ ಅಂಗೈಯಲ್ಲಿ ಕಾಯಿಯನ್ನು ಕೆಳಗಿನಿಂದ ಹೊತ್ತುಕೊಂಡು, ತೊಟ್ಟನ್ನು ಮುಟ್ಟದೆ ಬಲಗೈಯಿಂದ ಸಣ್ಣ ಚೂರಿ ಆಡಿಸಬೇಕು.

ಕಾಯಿ ತಿಳಿ ಹಸಿರು, ಅದರ ಮೇಲೆ ಬಿಳಿಯ ಗೆರೆ. ಸಿಪ್ಪೆ ಎಷ್ಟು ತೆಳುವೆಂದರೆ ಉಗುರು ತಾಗಿದರೆ ಗೀರು ಬೀಳುತ್ತದೆ. ಹುಳಿಗೆ ಹಾಕಿದರೆ ಎರಡು ಕುದಿಯಲ್ಲಿ ಬೆಣ್ಣೆ. ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಬಹುದು, ಕಡಲೆಹಿಟ್ಟಿನಲ್ಲಿ ಅದ್ದಿ ಪೋಡಿ ಕರಿಯಬಹುದು. ಕೊಂಕಣಿ ಮನೆಗಳ ಬೆಳ್ಳುಳ್ಳಿ ಒಗ್ಗರಣೆಯ ಕೊದ್ದೆಲು ಆದರೆ ನಾನು ಕರೆಯದಿದ್ದರೂ ಹೋಗಿ ಕೂರುತ್ತೇನೆ.

ಊರಿನಲ್ಲಿ ಇದನ್ನು ವಾದಿರಾಜ ಗುಳ್ಳ ಎಂದೂ ಕರೆಯುತ್ತಾರೆ. ಹದಿನಾರನೇ ಶತಮಾನದ ಸೋದೆ ಮಠದ ಯತಿ ವಾದಿರಾಜರು. ಉಡುಪಿ ಕೃಷ್ಣನ ಪೂಜೆ ಸರದಿಯಲ್ಲಿ ಮಠದಿಂದ ಮಠಕ್ಕೆ ದಾಟುವ ಪರ್ಯಾಯವನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ಏರಿಸಿದವರೂ ಅವರೇ. ಅವರು ಕಡಲೆಬೇಳೆ ಬೆಲ್ಲದ ಹಯಗ್ರೀವ ಮಡ್ಡಿಯನ್ನು ತಲೆಯ ಮೇಲೆ ಹಿಡಿದು ನಿಂತರೆ ದೇವರು ಬಿಳಿ ಕುದುರೆಯಾಗಿ ಬಂದು, ಮುಂಗಾಲು ಹೆಗಲ ಮೇಲಿಟ್ಟು ತಿನ್ನುತ್ತಿದ್ದರಂತೆ. ಹೊಟ್ಟೆಕಿಚ್ಚಿನವರು ಯಾರೋ ಅದರಲ್ಲಿ ವಿಷ ಬೆರೆಸಿದರಂತೆ. ವಿಗ್ರಹ ನೀಲಿಯಾಯಿತಂತೆ. ಆಗ ಮಟ್ಟುವಿನವರಿಗೆ ಬೀಜ ಕೊಟ್ಟು, ಬೆಳೆದ ಗುಳ್ಳವನ್ನು ನೈವೇದ್ಯ ಮಾಡಿದ ಮೇಲೆ ವಿಷ ಇಳಿಯಿತಂತೆ. ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಅದರಲ್ಲಿ ಹಿಡಿಸುವುದು ಬೇರೆ ಒಂದು ಸಂಗತಿ. ಕಥೆಯಲ್ಲಿ ದೇವರ ಕಡೆಯಿಂದ ಊರಿಗೆ ಬಂದದ್ದು ಹಣ್ಣಲ್ಲ, ಹೊನ್ನಲ್ಲ, ಬೀಜ. ಇವತ್ತಿಗೂ ಗುಳ್ಳದ ಮೊದಲ ಫಸಲು ಕೃಷ್ಣಮಠಕ್ಕೆ ಹೋಗುತ್ತದೆ, ಪರ್ಯಾಯದ ಹೊರೆಕಾಣಿಕೆಯಲ್ಲಿ ಗುಳ್ಳ ಇರುತ್ತದೆ.

2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಎಲ್ಲರಿಗೂ ಖುಷಿ. ಬೆಳೆಗಾರರು ಸಂಘ ಕಟ್ಟಿಕೊಂಡರು. ಕಾಯಿಗಳನ್ನು ದರ್ಜೆ ಪ್ರಕಾರ ವಿಂಗಡಿಸಿ, ಕಾಯಿಗೆ ಸ್ಟಿಕ್ಕರ್ ಅಂಟಿಸುವಷ್ಟು ಶಿಸ್ತು ತಂದರು. ಬದನೆಕಾಯಿಗೆ ಸ್ಟಿಕ್ಕರ್! ವಿದೇಶಿ ಸೇಬಿಗೆ ಸಿಗುವ ಮರ್ಯಾದೆ ನಮ್ಮ ಗುಳ್ಳಕ್ಕೂ ಸಿಕ್ಕಿತು ಎಂದು ಮಾವ ಬೀಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಆದರೆ ಸ್ವಾಮಿ, ಟ್ಯಾಗ್ ಕಾಯುವುದು ಹೆಸರನ್ನು ಮಾತ್ರ. ಹೆಸರಿಗೆ ಬೇಲಿ ಬಿತ್ತು. ಬೀಜಕ್ಕೂ ಬಾವಿಗೂ ಬೇಲಿ ಬೀಳಲಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ಬೀಜ. ಬೆಳಗ್ಗೆ ಏಳೂವರೆಗೆ ಗುಳ್ಳದ ಗದ್ದೆಯಲ್ಲಿ ಸುಮ್ನೆ ನಿಂತುಕೊಳ್ಳಿ. ಎಲೆಯ ಮರೆಯಲ್ಲಿ ನೇರಳೆ ಬಣ್ಣದ, ನಕ್ಷತ್ರದ ಹಾಗೆ ತೆರೆದ ಹೂವು, ನಡುವೆ ಹಳದಿ ಕೇಸರಗಳ ಗೋಪುರ. ಆ ಕೇಸರದೊಳಗಿನ ಪರಾಗ ಉಪ್ಪಿನ ಡಬ್ಬಿಯಲ್ಲಿರುವ ಉಪ್ಪಿದ್ದ ಹಾಗೆ. ಬಾಯಿ ತುದಿಯಲ್ಲಿ ಸಣ್ಣ ತೂತಿನಷ್ಟೇ ಇರುತ್ತದೆ, ಅಲುಗಾಡಿಸಿದರೆ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಹಾಗೆ ಅಲುಗಾಡಿಸಲು ಬರುವುದಿಲ್ಲ. ಕಪ್ಪು ದುಂಬಿಗೆ ಬರುತ್ತದೆ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಕಾಡು ಜೇನ್ನೊಣಕ್ಕೆ ಬರುತ್ತದೆ. ಅವು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಿಚ್ಚದೆ, ಎದೆಯನ್ನಷ್ಟೇ ನಡುಗಿಸುತ್ತವೆ. ಗುಂಯ್ ಎನ್ನುವ ಸದ್ದು ಒಮ್ಮೆಲೇ ಒಂದು ಸ್ವರ ಮೇಲೇರುತ್ತದೆ. ಆಗ ಹಳದಿ ಹುಡಿ ಮೈಮೇಲೆ ಸುರಿಯುತ್ತದೆ. ಒಂದು ಸಲ ಆ ಸದ್ದು ಕಿವಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ.

ಬದನೆ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲ ಗಿಡ. ಜಾಸ್ತಿ ಪಾಲು ಹಾಗೇ ಕಟ್ಟುತ್ತದೆ. ಆದರೆ ದುಂಬಿಗೆ ಗಡಿ ಗೊತ್ತಿಲ್ಲ. ಪಕ್ಕದ ಹಿತ್ತಿಲಲ್ಲಿ ಯಾರೋ ನರ್ಸರಿಯಿಂದ ತಂದ ಹೈಬ್ರಿಡ್ ಬದನೆ ಹಾಕಿದ್ದರೆ ಅಲ್ಲಿಂದ ಎದ್ದು ನೇರ ಮಾವನ ಗದ್ದೆಗೆ ಬರುತ್ತದೆ. ಆ ವರ್ಷದ ಕಾಯಿಯಲ್ಲಿ ಏನೂ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಒಳಗಿನ ಬೀಜದಲ್ಲಿ. ಎರಡು ಮೂರು ವರ್ಷ ಬಿಟ್ಟು ಒಂದು ಸಾಲಿನಲ್ಲಿ ಕಾಯಿ ಉದ್ದಕ್ಕೆ ಎಳೆಯುತ್ತದೆ, ಇನ್ನೊಂದರ ತೊಟ್ಟಿನ ಹತ್ತಿರ ನೇರಳೆ ಛಾಯೆ ಬರುತ್ತದೆ, ಮತ್ತೊಂದರಲ್ಲಿ ಮುಳ್ಳು ಮಾಯವಾಗುತ್ತದೆ. ಪೇಟೆಗೆ ಬೇಕಾದದ್ದೂ ಅದೇ, ಮುಳ್ಳಿಲ್ಲದ ಕಾಯಿ. ಮೂಟೆ ಕಟ್ಟುವವನಿಗೆ ಸುಲಭ, ಆರಿಸುವ ಗಿರಾಕಿಗೂ ಸುಲಭ. ಹಾಗಾಗಿ ದಾರಿ ತಪ್ಪಿದ ಗಿಡವೇ ಬೆಳೆಗಾರನಿಗೆ ಲಾಭದ ಗಿಡವಾಗಿ ಕಾಣಲು ಶುರುವಾಗುತ್ತದೆ. ಅಪಾಯ ಇರುವುದು ಅಲ್ಲೇ.

ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಬೀಜಕ್ಕೆ ಗಿಡ ಆರಿಸುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲ ಕೊಯ್ಲಿನಲ್ಲಿ ಆರಿಸುತ್ತಿರಲಿಲ್ಲ. ಎರಡು ಮೂರು ಕೊಯ್ಲು ಆಗಿ ಗಿಡದ ಗುಣ ಗೊತ್ತಾದ ಮೇಲೆ, ಸೊರಗದ, ಹುಳ ಹತ್ತದ, ಮೈತುಂಬ ಮುಳ್ಳಿರುವ ಗಿಡಕ್ಕೆ ಹಳೇ ಸೀರೆಯ ಅಂಚು ಹರಿದು ಕಟ್ಟುತ್ತಿದ್ದರು. ಆ ಪಟ್ಟಿ ಕಂಡರೆ ಆ ಗಿಡದ ಆರಿಸಿಟ್ಟ ಕಾಯಿಗೆ ಯಾರೂ ಕೈ ಹಾಕುವ ಹಾಗಿಲ್ಲ. ಅದು ಹಣ್ಣಾಗಿ ಹಳದಿಗೆ ತಿರುಗಿ ಮೆತ್ತಗಾದ ಮೇಲೆ ಸೀಳಿ, ಬೀಜ ತೊಳೆದು, ನೀರಿನಲ್ಲಿ ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸುತ್ತಿದ್ದರು. "ಮುಳ್ಳು ಕಮ್ಮಿ ಇರುವ ಗಿಡದ ಬೀಜ ಯಾಕೆ ಬೇಡ ಅತ್ತೆ?" ಎಂದು ಕೇಳಿದ್ದೆ. "ಅದು ಎಲ್ಲೋ ಹೋಗಿ ಬಂದದ್ದು" ಎಂದರು. ತಳಿಶಾಸ್ತ್ರದ ಒಂದು ಪಾಠ ಅಷ್ಟರಲ್ಲೇ ಮುಗಿದಿತ್ತು. ಅತ್ತೆಗೆ ಈಗ ಮೊಣಕಾಲು ನೋವು, ಗದ್ದೆಗೆ ಇಳಿಯುವುದಿಲ್ಲ. ಸೀರೆಯ ಪಟ್ಟಿ ಕಟ್ಟುವವರು ಯಾರು?

ಈ ಬೀಜದ ವಿಷಯ ಸಣ್ಣದು ಎಂದು ತಳ್ಳಿಹಾಕಬೇಡಿ. ಒಮ್ಮೆ ಇದಕ್ಕಾಗಿ ದೊಡ್ಡ ಗಲಾಟೆಯೇ ಆಗಿದೆ. 2009ರ ಅಕ್ಟೋಬರ್‌ನಲ್ಲಿ ದೇಶದ ಮೊದಲ ಬಿಟಿ ಬದನೆಗೆ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತು. ಕುಡಿ ಮತ್ತು ಕಾಯಿ ಕೊರಕ ಹುಳಕ್ಕೆ ಮದ್ದಾಗಿ ಬ್ಯಾಕ್ಟೀರಿಯಾದ ಒಂದು ಜೀನ್ ಸೇರಿಸಿದ ಬದನೆ ಅದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆ ಯೋಜನೆಗೆ ಆರಿಸಿಕೊಂಡ ಕರ್ನಾಟಕದ ಸ್ಥಳೀಯ ಬದನೆಗಳ ಪಟ್ಟಿಯಲ್ಲಿ ಉಡುಪಿ ಗುಳ್ಳವೂ ಇತ್ತು. ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಏಳು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು. ಕೊನೆಯದು ನಮ್ಮ ಬೆಂಗಳೂರಿನಲ್ಲೇ. 2010ರ ಫೆಬ್ರವರಿ 9ರಂದು ಬಿಟಿ ಬದನೆಗೆ ತಡೆ ಹಾಕಿದರು. ಆಮೇಲೆ, ಸ್ಥಳೀಯ ತಳಿಗಳನ್ನು ಕೇಳದೆ ಬಳಸಿದ್ದು ಜೀವವೈವಿಧ್ಯ ಕಾಯ್ದೆಗೆ ವಿರುದ್ಧ ಎಂಬ ದೂರು ಎದ್ದು ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ನಾನು ವಿಜ್ಞಾನದ ವಿರೋಧಿ ಅಲ್ಲ. ಕೊರಕ ಹುಳ ಸುಳ್ಳಲ್ಲ. ಇವತ್ತು ನೆಟ್ಟಗಿದ್ದ ಕುಡಿ ನಾಳೆ ತಲೆ ಬಗ್ಗಿಸಿರುತ್ತದೆ, ಸೀಳಿ ನೋಡಿದರೆ ಒಳಗೆ ಗುಲಾಬಿ ಬಣ್ಣದ ಹುಳ ಆರಾಮಾಗಿ ಮಲಗಿರುತ್ತದೆ. ಔಷಧಿ ಹೊಡೆದು ಹೊಡೆದು ರೈತ ಸುಸ್ತಾಗಿದ್ದಾನೆ. ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿದೆ, ಅದು ಅವರ ನಿರ್ಧಾರ. ನನ್ನ ಪ್ರಶ್ನೆ ಇನ್ನೂ ಸರಳ. ದುಂಬಿ ತಿರುಗಾಡುವ ಹೊಲದಲ್ಲಿ ಒಂದು ಗಿಡ ಬದಲಾದರೆ ಪಕ್ಕದ್ದೂ ನಿಧಾನಕ್ಕೆ ಬದಲಾಗುತ್ತದೆ. ಆ ಗಲಾಟೆಯ ಕಾಲದಲ್ಲಿ ಎಲ್ಲರೂ ಬಿಟಿ ಪರಾಗಕ್ಕೆ ಹೆದರಿದ್ದರು. ಸದ್ದಿಲ್ಲದೆ ಒಳಗೆ ಬರುತ್ತಿರುವ ಮಾಮೂಲಿ ಹೈಬ್ರಿಡ್ ಪರಾಗಕ್ಕೆ ಯಾರೂ ಹೆದರುತ್ತಿಲ್ಲ. ಗುಳ್ಳದ ಮಟ್ಟಿಗೆ ಎರಡೂ ಒಂದೇ ಅಲ್ವಾ?

ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ. ಪ್ರಮಾಣೀಕೃತ ಬದನೆ ಬೀಜ ಬೆಳೆಯಲು ಬೇರೆ ಬದನೆಯಿಂದ 100 ಮೀಟರ್ ಅಂತರ, ಮೂಲ ಬೀಜಕ್ಕೆ 200 ಮೀಟರ್ ಅಂತರ ಬೇಕು ಎಂದು ನಿಯಮ ಹೇಳುತ್ತದೆ. ಹತ್ತು ಸೆಂಟ್ಸ್, ಇಪ್ಪತ್ತು ಸೆಂಟ್ಸ್ ಗದ್ದೆಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ಕೂತಿರುವ ಊರಿನಲ್ಲಿ 200 ಮೀಟರ್ ಎಲ್ಲಿಂದ ತರೋಣ? ಅದಕ್ಕೇ ಇನ್ನೊಂದು ದಾರಿ ಇದೆ. ಆರಿಸಿದ ಗಿಡದ ಮೊಗ್ಗು ಅರಳುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಿಬಿಡುವುದು. ದುಂಬಿ ಒಳಗೆ ಬರುವುದಿಲ್ಲ. ಬೆಳಗ್ಗೆ ಹೂವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಅದರದ್ದೇ ಪರಾಗ ಉದುರುತ್ತದೆ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ಗುರುತು ಕಟ್ಟಿದರೆ ಮುಗಿಯಿತು. ಅತ್ತೆಯ ಸೀರೆಯ ಪಟ್ಟಿ ಜೊತೆ ಒಂದು ಬಟ್ಟೆ ಚೀಲ, ಅಷ್ಟೇ ವ್ಯತ್ಯಾಸ. ಒಂದು ಕಾಯಿಯಲ್ಲಿ ನೂರಾರು ಬೀಜ ಇರುತ್ತವೆ. ಇಡೀ ಊರಿಗೆ ಬೇಕಾಗುವಷ್ಟು ಶುದ್ಧ ಬೀಜಕ್ಕೆ ಎಷ್ಟು ಗಿಡ ಬೇಕೆಂದು ನಿಮ್ಮ ಅಧಿಕಾರಿಗಳು ಅರ್ಧ ಗಂಟೆಯಲ್ಲಿ ಲೆಕ್ಕ ಹಾಕಬಲ್ಲರು. ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವೇ ಇದೆ, ಮಟ್ಟುವಿಗೆ ದೂರವೇನಲ್ಲ. ಅಲ್ಲಿಂದ ವಾರಕ್ಕೊಮ್ಮೆ ಒಬ್ಬರು ಬಂದು ಊರಿನ ಹುಡುಗ ಹುಡುಗಿಯರಿಗೆ ಈ ಕೆಲಸ ಕಲಿಸಲಿ. ಬೀಜ ಮಾತ್ರ ಊರಿನಲ್ಲೇ, ಬೆಳೆಗಾರರ ಸಂಘದ ಕೈಯಲ್ಲೇ ಇರಲಿ. ಸೊರಗು ರೋಗಕ್ಕೆ ಕಾಡು ಸುಂಡೆಯ ಬೇರಿಗೆ ಬದನೆ ಕಸಿ ಕಟ್ಟುವ ವಿದ್ಯೆ ಇದೆಯಲ್ಲ, ಅದನ್ನೂ ಹೇಳಿಕೊಡಲಿ. ಬೇರು ಕಾಡಿನದ್ದು, ಮೇಲಿನದ್ದು ಗುಳ್ಳದ್ದೇ. ರುಚಿ ಹಾಗೇ ಇರುತ್ತದೋ ಇಲ್ಲವೋ ಎನ್ನುವುದನ್ನು ಮಾತ್ರ ಪ್ರಯೋಗಾಲಯದಲ್ಲಿ ತೀರ್ಮಾನಿಸಬೇಡಿ. ಅತ್ತೆಯ ಅಡುಗೆ ಮನೆಗೆ ಕಳಿಸಿ.

ಇನ್ನೊಂದು ಸಣ್ಣ ವಿಷಯ. ಕೈತೋಟಕ್ಕೆಂದು ತರಕಾರಿ ಬೀಜದ ಪೊಟ್ಟಣ ಹಂಚುವ ಕಾರ್ಯಕ್ರಮಗಳು ಆಗಾಗ ನಡೆಯುತ್ತವೆ. ಒಳ್ಳೆಯದೇ. ಆದರೆ ಗುಳ್ಳ ಬೆಳೆಯುವ ಈ ನಾಲ್ಕು ಊರುಗಳಿಗೆ ಕೊಡುವ ಪೊಟ್ಟಣದಿಂದ ಬದನೆ ಬೀಜ ತೆಗೆದುಬಿಡಿ. ಅದರ ಬದಲು ಅಲಸಂಡೆ ಹಾಕಿ, ಹರಿವೆ ಹಾಕಿ. ಖರ್ಚಿಲ್ಲದ ಕೆಲಸ.

ಈಗ ಬಾವಿಯ ಮಾತು. ಮಟ್ಟು ಇರುವುದು ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ. ಮಳೆ ನಿಂತು ಹೊಳೆಯ ಹರಿವು ಇಳಿದ ಕೂಡಲೇ ಉಬ್ಬರದ ಹೊತ್ತಿಗೆ ಸಮುದ್ರದ ನೀರು ಹೊಳೆಯ ಮೇಲಕ್ಕೆ ನುಗ್ಗುತ್ತದೆ. ಅದನ್ನು ತಡೆಯಲು ಕರಾವಳಿಯಲ್ಲಿ ಕಿಂಡಿ ಅಣೆಕಟ್ಟುಗಳಿವೆ. ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿ ಮಣ್ಣು ತುಂಬುತ್ತಾರೆ. ಹಲಗೆ ಸರಿ ಇದ್ದು, ಸರಿಯಾದ ವಾರದಲ್ಲಿ ಇಳಿದರೆ ಒಳಗಡೆ ಸಿಹಿನೀರು ನಿಲ್ಲುತ್ತದೆ, ಬಾವಿಗೂ ಅದೇ ಜೀವ. ಹಲಗೆ ಇಳಿಯುವುದು ಹದಿನೈದು ದಿನ ತಡವಾದರೆ, ಒಂದು ಹಲಗೆ ಕೊಳೆತು ಬಿರುಕು ಬಿಟ್ಟರೆ, ಉಪ್ಪು ನೀರು ಗದ್ದೆಯ ಬುಡಕ್ಕೇ ಬರುತ್ತದೆ. ಒಮ್ಮೆ ಉಪ್ಪು ಹತ್ತಿದ ಮಣ್ಣು ಸರಿಯಾಗಲು ಮುಂದಿನ ಮಳೆಗಾಲವೇ ಬರಬೇಕು.

ಮಾವನಿಗೆ ಇದಕ್ಕೆ ಯಾವ ಯಂತ್ರವೂ ಬೇಡ. ಫೆಬ್ರವರಿ ಕಳೆದ ಮೇಲೆ ದಿನಾ ಬೆಳಗ್ಗೆ ಬಾವಿಯಿಂದ ಒಂದು ಬೊಗಸೆ ನೀರು ಎತ್ತಿ ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಉಗುಳುತ್ತಾರೆ. "ಇವತ್ತು ಅಡ್ಡಿಲ್ಲ" ಎನ್ನುತ್ತಾರೆ. ಅಥವಾ ಏನೂ ಹೇಳದೆ ಪಂಪಿನ ಸ್ವಿಚ್ಚು ಹಾಕದೆ ವಾಪಸ್ ಬರುತ್ತಾರೆ. ಸವುಳು ನೀರು ಕುಡಿದ ಗುಳ್ಳದ ಎಲೆಯ ಅಂಚು ಬೆಂಕಿ ತಾಗಿದ ಕಾಗದದ ಹಾಗೆ ಕಂದು ಬಣ್ಣಕ್ಕೆ ಮುದುಡುತ್ತದೆ, ಕಾಯಿ ಸಣ್ಣದರಲ್ಲೇ ನಿಂತುಬಿಡುತ್ತದೆ. ಆಗ ಸ್ಟಿಕ್ಕರ್ ಅಂಟಿಸಲು ಕಾಯಿ ಇದ್ದರೆ ತಾನೇ?

ಅಣೆಕಟ್ಟು ನಿಮ್ಮ ಖಾತೆಗೆ ಬರುವುದಿಲ್ಲ ಎಂದು ನನಗೂ ಗೊತ್ತು. ಯಾವ ವರ್ಷ ಯಾರು ಏನು ಮಾಡಲಿಲ್ಲ ಎಂದು ಬೆರಳು ತೋರಿಸಲು ನಾನು ಬರೆಯುತ್ತಿಲ್ಲ. ಆದರೆ ಮಂತ್ರಿಮಂಡಲದಲ್ಲಿ ನಿಮ್ಮ ಪಕ್ಕದ ಕುರ್ಚಿಯವರ ಖಾತೆಗೆ ಬರುತ್ತದಲ್ಲ. ಗುಳ್ಳ ತೋಟಗಾರಿಕೆ, ಹಲಗೆ ನೀರಾವರಿ, ಸ್ಟಿಕ್ಕರ್ ಇನ್ನೊಬ್ಬರದ್ದು ಎಂದು ಹಂಚಿಕೊಂಡರೆ ಗಿಡಕ್ಕೆ ಅದು ಅರ್ಥವಾಗುವುದಿಲ್ಲ. ಹಲಗೆ ಯಾವ ತಾರೀಕಿನ ಒಳಗೆ ಇಳಿಯಬೇಕು ಎಂಬುದನ್ನು ಬೆಳೆಗಾರರನ್ನು ಕೂರಿಸಿಕೊಂಡು ಮೊದಲೇ ಬರೆದಿಡಿ, ಪಂಚಾಯಿತಿಯ ಗೋಡೆಗೆ ಅಂಟಿಸಿ. ನಾಲ್ಕು ಬಾವಿಗಳ ಉಪ್ಪಿನ ಅಂಶವನ್ನು ವಾರಕ್ಕೊಮ್ಮೆ ಅಳೆದು ಅದನ್ನೂ ಅದೇ ಗೋಡೆಗೆ ಅಂಟಿಸಿ. ಕಿಸೆಯಲ್ಲಿ ಹಿಡಿಸುವ ಮೀಟರ್ ಸಿಗುತ್ತದೆ. ಮಾವನ ನಾಲಗೆ ಎಷ್ಟು ವರ್ಷ ಅಂತ ಕೆಲಸ ಮಾಡೀತು.

ಕೊನೆಗೆ ನನ್ನ ಅಂಗಡಿಯ ದೂರು. ಜಿಐ ಕಾಯ್ದೆ ಬಂದದ್ದು 1999ರಲ್ಲಿ. ನೋಂದಣಿಗೆ 10 ವರ್ಷದ ಆಯಸ್ಸು, ಆಮೇಲೆ ನವೀಕರಿಸುತ್ತಾ ಹೋಗಬೇಕು. ಸುಳ್ಳು ಹೆಸರು ಹಾಕಿ ಮಾರಿದರೆ ದಂಡವೂ ಇದೆ, ಜೈಲೂ ಇದೆ. ಪುಸ್ತಕದಲ್ಲಿ ಎಲ್ಲ ಚೆನ್ನಾಗಿದೆ. ಆದರೆ ಇಪ್ಪತ್ತು ಸೆಂಟ್ಸ್ ಗದ್ದೆಯವನು ಬೆಂಗಳೂರಿಗೆ ಬಂದು, ಅಂಗಡಿ ಅಂಗಡಿ ತಿರುಗಿ, ವಕೀಲರನ್ನು ಹಿಡಿದು ಕೇಸು ಹಾಕುತ್ತಾನೆಯೇ? ಅವನಿಗೆ ಮರುದಿನ ಬೆಳಗ್ಗೆ ಗದ್ದೆಗೆ ನೀರು ಬಿಡುವುದಿರುತ್ತದೆ. ನನಗೆ ಯಾರನ್ನೂ ಜೈಲಿಗೆ ಹಾಕಿಸುವ ಆಸೆಯಿಲ್ಲ. ನಗರದ ತರಕಾರಿ ಅಂಗಡಿಗಳಿಗೆ ವರ್ಷಕ್ಕೊಮ್ಮೆ, ಡಿಸೆಂಬರ್‌ನಲ್ಲಿ, ಒಂದು ಪುಟದ ಸೂಚನೆ ಹೋಗಲಿ: ಮಟ್ಟುಗುಳ್ಳ ಎಂದು ಬರೆದರೆ ಕಾಯಿಯ ಮೇಲೆ ಸಂಘದ ಸ್ಟಿಕ್ಕರ್ ಇರಬೇಕು, ಇಲ್ಲದಿದ್ದರೆ 'ಹಸಿರು ಬದನೆ' ಎಂದು ಬರೆಯಿರಿ. ಬೇರೆ ಊರಿನ ಗುಳ್ಳದ ಮೇಲೂ ನನಗೆ ಸಿಟ್ಟಿಲ್ಲ. ಅದಕ್ಕೂ ಒಂದು ಊರಿದೆ, ಒಂದು ಹೆಸರಿದೆ. ಆ ಹೆಸರಿನಲ್ಲೇ ಬರಲಿ. ಕಟಪಾಡಿಯ ಪಕ್ಕದ ಶಂಕರಪುರದ ಮಲ್ಲಿಗೆಯನ್ನು ನೋಡಿ. ಅಟ್ಟೆಯ, ಅಂದರೆ ಕಟ್ಟಿದ ಹೂವಿನ ಅಳತೆಯ, ಲೆಕ್ಕದಲ್ಲಿ ದಿನದಿನದ ದರ ಊರಿಗೆಲ್ಲ ಗೊತ್ತಾಗುತ್ತದೆ, ಮನೆಯಲ್ಲಿ ಹೂ ಕಟ್ಟುವ ಹೆಂಗಸಿಗೂ ಗೊತ್ತಾಗುತ್ತದೆ. ಗುಳ್ಳದ ಬೆಳೆಗಾರನಿಗೆ ಮಾತ್ರ ತನ್ನ ಕಾಯಿ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಎಷ್ಟಕ್ಕೆ ಹೋಯಿತೆಂದು ಯಾರಾದರೂ ನೆಂಟರು ಫೋನ್ ಮಾಡಿದಾಗಲೇ ತಿಳಿಯುವುದು.

ನವಿಲಿನ ಕಾಟದ ಬಗ್ಗೆಯೂ ಬರೆ ಎಂದು ಮಾವ ಹೇಳಿದ್ದರು. ಅದನ್ನು ಬರೆಯಲು ಹೋದರೆ ಅರಣ್ಯ ಇಲಾಖೆಗೆ ಇನ್ನೊಂದು ಪತ್ರವಾಗುತ್ತದೆ, ಸದ್ಯಕ್ಕೆ ಬಿಟ್ಟಿದ್ದೇನೆ.

ನಿಮ್ಮ ಕಾರ್ಯಕ್ರಮಗಳ ನಡುವೆ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಮಟ್ಟುವಿಗೆ ಬನ್ನಿ. ಜನವರಿ ಒಳ್ಳೆಯದು. ಏಳೂವರೆಯ ಒಳಗೆ ಬಂದರೆ ದುಂಬಿ ಸಿಗುತ್ತದೆ, ತಡವಾದರೆ ಬಿಸಿಲು ಮಾತ್ರ. ಹಾರ ತುರಾಯಿ ಇರುವುದಿಲ್ಲ. ಮಾವ ಬಾವಿ ತೋರಿಸುತ್ತಾರೆ, ಒಂದು ಬೊಗಸೆ ನೀರು ನಿಮ್ಮ ಬಾಯಿಗೂ ಹಾಕಿಕೊಳ್ಳಿ ಎನ್ನುತ್ತಾರೆ. ಬೇಡ ಎನ್ನಬೇಡಿ. ಆಮೇಲೆ ಗದ್ದೆಗೆ ಇಳಿದು ಒಂದು ಕಾಯಿ ನೀವೇ ಕೊಯ್ಯಿರಿ. ಹೇಗೆ ಹಿಡಿಯಬೇಕೆಂದು ಮೇಲೆ ಬರೆದಿದ್ದೇನೆ, ಆದರೂ ಮೊದಲ ಸಲ ಚುಚ್ಚಿಯೇ ಚುಚ್ಚುತ್ತದೆ. ಅತ್ತೆಯ ಹತ್ತಿರ ಪಿನ್ನು ಇದೆ. ಊಟಕ್ಕೆ ಹುಳಿ, ಪೋಡಿ ಎರಡೂ ಇರುತ್ತವೆ. ನನ್ನ ಮಗಳನ್ನೂ ಕರೆದುಕೊಂಡು ಬರುತ್ತೇನೆ, ಅವಳದ್ದೊಂದು ತಟ್ಟೆ ಬಾಕಿ ಇದೆ.

ಇಂತಿ ನಮಸ್ಕಾರಗಳು,
ಕಟಪಾಡಿ ಕಡೆಯವಳು, ಸದ್ಯಕ್ಕೆ ಬೆಂಗಳೂರು